ಗಾಳಿಗೀರು

ನಮ್ಮ ಊರಿನಲ್ಲಿ ಬರಿಗಾಲಲ್ಲಿ ಇಟ್ಟ ಹೆಜ್ಜೆ ಅಳಿಯುವುದಿಲ್ಲ. ಮಳೆ ಬಂದರೂ ಅಷ್ಟೆ, ಎಮ್ಮೆ ತುಳಿದರೂ ಅಷ್ಟೆ. ಕಾಲೆತ್ತಿದ ಮೇಲೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಮಣ್ಣು ಮೆತ್ತಗಿರುತ್ತದೆ. ಅಷ್ಟರೊಳಗೆ ಒರೆಸಿದರೆ ಸರಿ, ಇಲ್ಲವಾದರೆ ಆ ಹೆಜ್ಜೆ ಎಂದೆಂದಿಗೂ ಅಲ್ಲೇ. ಹಾಗಾಗಿ ಎಲ್ಲರೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಾರೆ. ಚಪ್ಪಲಿಯ ಗುರುತು ನಿಲ್ಲುವುದಿಲ್ಲ. ಊರಿನಲ್ಲಿ ಇನ್ನು ಜಾಗವಿಲ್ಲವೆಂದು ಪುರಸಭೆಯವರು ಬರಿಗಾಲಿಗೆ ಅಪ್ಪಣೆ ಬೇಕೆಂದು ಬೋರ್ಡು ನೆಟ್ಟಿದ್ದಾರೆ. ಮದುವೆಗೆ, ಮಗುವಿನ ಮೊದಲ ಹೆಜ್ಜೆಗೆ, ಶಾಲೆಗೆ ಸೇರುವ ದಿನಕ್ಕೆ ಅಪ್ಪಣೆ ಸಿಗುತ್ತದೆ. ಮಿಕ್ಕ ದಿನ ಚಪ್ಪಲಿ ಕಿತ್ತುಹೋದರೆ ಅಲ್ಲೇ ಒಂಟಿಕಾಲಲ್ಲಿ ನಿಂತು ಯಾರನ್ನಾದರೂ ಕೂಗಬೇಕು.

ಹಳೆಯ ಹೆಜ್ಜೆಗಳ ನಡುವೆ ಬೆಳೆದವರಿಗೆ ಅದೊಂದು ವಿಶೇಷವೇ ಅಲ್ಲ. ಹೆಂಡದಂಗಡಿಯಿಂದ ಹೊರಟ ಹೆಜ್ಜೆಗಳು ಈಗಲೂ ಸೊಟ್ಟಗೇ ಇವೆ. ಯಾರೋ ಇಬ್ಬರು ಅಂಚೆ ಕಚೇರಿಯ ಗೋಡೆಗೆ ಒರಗಿ ಎಷ್ಟೋ ಸಂಜೆ ಮಾತಾಡಿದ ಗುರುತಿದೆ. ಅವರು ಯಾರೆಂದು ಎಲ್ಲರಿಗೂ ಗೊತ್ತು, ಅವರ ಮೊಮ್ಮಕ್ಕಳಿಗೂ ಗೊತ್ತು. ಮುದುಕಿಯರು ಸಂಜೆ ಹೊತ್ತು ಮೊಮ್ಮಕ್ಕಳನ್ನು ಕರೆತಂದು, ಇದು ನಿಮ್ಮ ತಾತ, ಇದು ನಿಮ್ಮ ಮುತ್ತಾತ ಎಂದು ನೆಲದ ಕಡೆ ಕೈ ತೋರಿಸುತ್ತಾರೆ. ಗಾಣದ ಬೀದಿಯ ಹೆಂಗಸೊಬ್ಬಳು ತೀರಿಕೊಂಡ ಮಗನ ಪುಟ್ಟ ಹೆಜ್ಜೆಯ ಮೇಲೆ ಮಳೆ ಬಂದಾಗೆಲ್ಲ ಒಂದು ಮಂಕರಿ ಮಗುಚಿಡುತ್ತಾಳೆ. ಮಳೆಯಿಂದ ಅದಕ್ಕೇನೂ ಆಗುವುದಿಲ್ಲವೆಂದು ಅವಳಿಗೂ ಗೊತ್ತು.

ನಮ್ಮ ಕೇರಿ ಊರಿನ ಪಡುವಣ ಅಂಚಿನಲ್ಲಿ ಬಂಡೆಯ ಮೇಲಿದೆ. ಬಂಡೆ ಯಾರ ಹೆಜ್ಜೆಯನ್ನೂ ಹಿಡಿಯುವುದಿಲ್ಲ. ಅಪ್ಪ ಲಾರಿಯ ಮೇಲೆ ಹೋದರೆ ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ. ಅವ್ವ ಬೆಳಿಗ್ಗೆಯ ಬಸ್ಸಿಗೆ ಪಕ್ಕದ ಪಟ್ಟಣದ ಬಟ್ಟೆ ಕಾರ್ಖಾನೆಗೆ ಹೋಗಿ ಕತ್ತಲಾದ ಮೇಲೆ ಬರುತ್ತಾಳೆ. ಹೀಗಾಗಿ ನನ್ನನ್ನು ಸಾಕಿದವಳು ಅವ್ವನ ತಾಯಿ, ಹೊನ್ನಿ ಅಜ್ಜಿ. ಶಾಲೆಗೆ ಸೇರಿಸಿದವಳೂ ಅವಳೇ, ಅಲ್ಲಿ ನನ್ನ ಮಾನ ಕಳೆದವಳೂ ಅವಳೇ ಎಂದು ಹತ್ತನೇ ತರಗತಿಗೆ ಬರುವ ತನಕ ನಾನು ತಿಳಿದುಕೊಂಡಿದ್ದೆ.

ನಮ್ಮ ಶಾಲೆಗೆ ಸೇರುವ ದಿನ ಪ್ರತಿ ಮಗುವೂ ಅಂಗಳದಲ್ಲಿ ಸುಣ್ಣದಿಂದ ಬರೆದ ಚೌಕದೊಳಗೆ ಬಲಗಾಲು ಊರಬೇಕು. ಪಕ್ಕದಲ್ಲಿ ಹೆಸರು ಬರೆಯುತ್ತಾರೆ. ಅಂದು ಬಿಸಿಲು ಜೋರಾಗಿತ್ತು. ಅಜ್ಜಿ ಗೇಟಿನ ಬಳಿಯ ಹೊಂಗೆ ಮರದಿಂದ ಒಂದು ಕೊಂಬೆ ಮುರಿದು ನನ್ನ ತಲೆಗೆ ನೆರಳು ಹಿಡಿದಿದ್ದಳು. ನಾನು ಕಾಲು ಊರಿ ಎತ್ತಿದೆ. ಎತ್ತಿದ್ದೇ ತಡ, ಅಜ್ಜಿ ಬಗ್ಗಿ ಅದೇ ಕೊಂಬೆಯಿಂದ ಸರಕ್ಕನೆ ಒರೆಸಿಬಿಟ್ಟಳು. ಹೆಡ್‌ಮೇಷ್ಟ್ರು, "ಏನಮ್ಮ ಇದು, ಒಬ್ಬರಿಗೆ ಒಂದೇ ಸಲ ಅಪ್ಪಣೆ ಅಂತ ಗೊತ್ತಿಲ್ವಾ?" ಎಂದು ಬೈದರು. ಅಜ್ಜಿ ನನ್ನ ಕೈ ಹಿಡಿದು ಹೊರಟಳು. ದಾರಿಯಲ್ಲಿ ನಾನು ಅಳುತ್ತ ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮೋರು ಹೆಜ್ಜೆ ಬುಡಾಕಿಲ್ಲ ಕನವ್ವ" ಎಂದಳು.

ಮಾರನೆಯ ದಿನ ನೋಡಿದರೆ ಚೌಕದಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಅಂಥ ಗೀರುಗಳು ಊರಿನ ಬೀದಿಗಳಲ್ಲಿ ಬೇಕಾದಷ್ಟಿವೆ, ಹೆಚ್ಚಾಗಿ ಬೀದಿಯ ಅಂಚಿನಲ್ಲಿ. ಅವಕ್ಕೆ ಊರವರು ಗಾಳಿಗೀರು ಎನ್ನುತ್ತಾರೆ. ಹಿಂದೆ ಯಾವಾಗಲೋ ಭಾರಿ ಗಾಳಿ ಬೀಸಿ ನೆಲ ಕೆರೆದು ಹೋಯಿತಂತೆ. ಸುಗುಣ ಅಂತ ಒಳ್ಳೆಯ ಹೆಸರಿದ್ದರೂ ಅಂದಿನಿಂದ ಶಾಲೆಯಲ್ಲಿ ನನ್ನ ಹೆಸರು ಗಾಳಿ. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಯಾರಾದರೂ ಉಫ್ ಎಂದು ಊದುತ್ತಿದ್ದರು.

ಪ್ರತಿ ವರ್ಷ ಶಾಲೆ ತೆರೆದ ಮೊದಲ ದಿನ ಮಕ್ಕಳೆಲ್ಲ ತಮ್ಮ ತಮ್ಮ ಚೌಕಕ್ಕೆ ಓಡಿ, ಪುಟ್ಟ ಹೆಜ್ಜೆಯ ಮೇಲೆ ಚಪ್ಪಲಿಕಾಲು ಇಟ್ಟು ಎಷ್ಟು ಬೆಳೆದೆವೆಂದು ನೋಡಿಕೊಳ್ಳುತ್ತಾರೆ. ಆ ಹೊತ್ತಿಗೆ ನಾನು ಹೊಂಗೆ ಮರದ ಕೆಳಗೆ ಚಪ್ಪಲಿ ಸರಿ ಮಾಡಿಕೊಳ್ಳುತ್ತಿರುತ್ತೇನೆ. ನನ್ನ ಕಿರುಬೆರಳು ಹೊರಗೆ ಚಾಚಿಕೊಂಡಿರುವುದರಿಂದ ಯಾವ ಚಪ್ಪಲಿಯೂ ಕಚ್ಚದೆ ಬಿಡುವುದಿಲ್ಲ. ಆದ್ದರಿಂದ ನೆಪ ಸುಳ್ಳೇನಲ್ಲ. ನನಗೂ ಬೆಳೆಯುವುದು ಗೊತ್ತಾಗಬೇಕೆಂದು ಆಸೆಯಿತ್ತು. ಗೊತ್ತುಮಾಡಿಕೊಳ್ಳಲು ಏನೂ ಇರಲಿಲ್ಲ.

ಇಷ್ಟಾದರೂ ಸಮಾಜ ವಿಜ್ಞಾನ ನನಗೆ ಇಷ್ಟದ ವಿಷಯ. ಅದರಲ್ಲೂ ಇತಿಹಾಸ. ರಾಜರು ಕೆರೆ ಕಟ್ಟಿಸಿದರು ಎಂದು ಓದಿದಾಗ ಮಣ್ಣು ಹೊತ್ತವರು ಮಧ್ಯಾಹ್ನ ಏನು ಉಂಡರು ಎಂದು ತಿಳಿಯುವ ಆಸೆಯಾಗುತ್ತದೆ. ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲ, ಕೆರೆ ಕಟ್ಟಿಸಿದವರು ಯಾರು ಎಂದಷ್ಟೇ ಕೇಳುತ್ತಾರೆ. ನಾನು ಅದನ್ನೂ ಬರೆಯುತ್ತೇನೆ, ಅಂಕವೂ ಬರುತ್ತದೆ. ಸಾಮಾಜಿಕ ಪಿಡುಗುಗಳ ಪಾಠ ಬಂದಾಗ ಮಾತ್ರ ತರಗತಿ ಬೇರೆಯಾಗುತ್ತದೆ. ಅಸ್ಪೃಶ್ಯತೆ ಒಂದು ಪಿಡುಗಾಗಿತ್ತು, ಅದನ್ನು ಕಾನೂನಿನ ಮೂಲಕ ತೊಲಗಿಸಲಾಯಿತು ಎಂದು ಪುಸ್ತಕದಲ್ಲಿದೆ. ಅದನ್ನು ಓದುವಾಗ ಅರ್ಧ ತರಗತಿ ಫ್ಯಾನು ನೋಡುತ್ತದೆ, ಇನ್ನರ್ಧ ನನ್ನನ್ನು ನೋಡುತ್ತದೆ. ಪಾಠ ಮುಗಿದ ಮೇಲೆ ನೀರಿನ ಲೋಟವನ್ನು ನನ್ನ ನಂತರ ಯಾರು ಮುಟ್ಟುತ್ತಾರೆಂದು ನಾನು ನೋಡುತ್ತೇನೆ. ಅದು ಕೂಡ ಒಂದು ಕಲಿಕೆಯೇ, ಅಂಕವಿಲ್ಲದ್ದು.

ನಮ್ಮ ಊರಿನ ಹೆಮ್ಮೆ ಎಂದರೆ ಮೆರವಣಿಗೆ ಬೀದಿ. ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚೆ ಊರಿನ ಜನ ಚಪ್ಪಲಿ ಬಿಟ್ಟು, ಬೇಕೆಂದೇ ಬರಿಗಾಲಲ್ಲಿ, ಸಂತೆ ಮೈದಾನದಿಂದ ಕೋರ್ಟಿನವರೆಗೆ ನಡೆದು ಬಾವುಟ ಏರಿಸಿದರು. ಯಾರು ಬಂದಿದ್ದರು, ಯಾರು ಬರಲಿಲ್ಲ ಎಂದು ನೆಲವೇ ಹೇಳಲಿ ಎಂಬುದು ಅವರ ಹಟ. ಆ ಬೀದಿಗೆ ಈಗ ಎರಡೂ ಕಡೆ ಕಬ್ಬಿಣದ ಸರಳು ಹಾಕಿ, ಒಂದೊಂದು ಹೆಜ್ಜೆಸಾಲಿನ ಪಕ್ಕ ಹಿತ್ತಾಳೆಯ ಫಲಕದಲ್ಲಿ ಹೆಸರು ಕೆತ್ತಿದ್ದಾರೆ. ಎಲ್ಲರಿಗಿಂತ ಮುಂದೆ ವಕೀಲ ರುದ್ರಯ್ಯನವರ ಅಗಲವಾದ ಹೆಜ್ಜೆ. ಅವರ ಮರಿಮಗಳು ಇಂದುಶ್ರೀ ನನ್ನ ತರಗತಿಯವಳು. ಕೆಟ್ಟವಳಲ್ಲ, ಆದರೆ ಆ ಫಲಕವನ್ನು ತಾನೇ ಕೆತ್ತಿದವಳ ಹಾಗೆ ನಡೆಯುತ್ತಾಳೆ.

ಈ ವರ್ಷ ಮೆರವಣಿಗೆಯ ವಜ್ರ ಮಹೋತ್ಸವ. ಸಮಾಜ ವಿಜ್ಞಾನದ ಭೋಜರಾಜ ಮೇಷ್ಟ್ರು ತರಗತಿಗೆ ಬಂದು ವಿಷಯ ತಿಳಿಸಿದರು. ಹತ್ತನೇ ತರಗತಿಯವರು ತಮ್ಮ ಹಿರಿಯರ ಹೆಜ್ಜೆಯ ಪಕ್ಕ ಬರಿಗಾಲು ಊರಬಹುದು, ಪುರಸಭೆಯವರು ಅಪ್ಪಣೆ ಕೊಟ್ಟಿದ್ದಾರೆ, ಮೈಕಿನಲ್ಲಿ ಹಿರಿಯರ ಹೆಸರು ಹೇಳಬೇಕು. ತರಗತಿ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಅಜ್ಜಿಯ ಅಕ್ಕನ ಗಂಡನ ತಂದೆಯಾದರೂ ಆದೀತೇ ಎಂದು ಒಬ್ಬ ಕೇಳಿದ. ಆದೀತು ಎಂದರು. "ಯಾರೂ ಇಲ್ಲದವರು?" ಎಂದು ನಾನು ಕೇಳಿದೆ.

"ಅವರು ಸ್ವಯಂಸೇವಕರು. ನೀರು, ಮಜ್ಜಿಗೆ ನೋಡ್ಕೋಬೇಕು. ಬ್ಯಾಡ್ಜ್ ಕೊಡ್ತಾರೆ" ಎಂದರು ಮೇಷ್ಟ್ರು. ಸ್ವರ ಮೆತ್ತಗೇ ಇತ್ತು. ಇಡೀ ತರಗತಿಯಲ್ಲಿ ಯಾರೂ ಇಲ್ಲದವಳು ನಾನೊಬ್ಬಳೇ ಎಂದು ಅವರಿಗೂ ಗೊತ್ತಿತ್ತು.

ಅಂದು ಮೆರವಣಿಗೆಯ ಪಾಠವನ್ನು ಮತ್ತೊಮ್ಮೆ ಓದಿಸಿದರು. ಇಂದುಶ್ರೀ ಓದಿದಳು. ಗಾಳಿಯೇ ಮುಂದೆ ಹೋಗಿ ದಾರಿ ಗುಡಿಸಿತು, ತಮಟೆಯ ನಾದ ಮುಗಿಲು ಮುಟ್ಟಿತು, ವಕೀಲ ರುದ್ರಯ್ಯನವರು ಮೊದಲ ಹೆಜ್ಜೆ ಇಟ್ಟರು. ಆ ಸಾಲುಗಳು ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ನಾನೂ ಎಷ್ಟೋ ಸಲ ಬರೆದಿದ್ದೇನೆ. ಆದರೆ ಬ್ಯಾಡ್ಜಿನ ಉರಿ ಇನ್ನೂ ಆರಿರಲಿಲ್ಲ. ಎದ್ದು ನಿಂತು, "ತಮಟೆ ಬಡಿದವರು ಯಾರು ಸಾರ್?" ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅದಕ್ಕೆ ಆಧಾರ ಇಲ್ಲಮ್ಮ. ತಮಟೆಯವರ ಹೆಜ್ಜೆ ಸಿಕ್ಕಿಲ್ಲ. ಹೊರಗಿನಿಂದ ಯಾರನ್ನೋ ಕರೆಸಿರಬಹುದು."

"ಹೊರಗಿನಿಂದ ಬಂದವರಿಗೂ ಕಾಲಿರುತ್ತಲ್ಲ ಸಾರ್."

"ಹಾರ್ಕೊಂಡು ಬಡಿದಿರಬೇಕು" ಎಂದು ಹಿಂದಿನ ಬೆಂಚಿನವನೊಬ್ಬ ಹೇಳಿದ. ಎಲ್ಲರೂ ನಕ್ಕರು. ಇನ್ನೊಬ್ಬ ಉಫ್ ಎಂದ. ಮೇಷ್ಟ್ರು ಡಸ್ಟರಿನಿಂದ ಮೇಜು ಕುಟ್ಟಿ, "ಇತಿಹಾಸಕ್ಕೆ ಆಧಾರ ಬೇಕು ಸುಗುಣ, ಊಹೆ ನಡೆಯೋದಿಲ್ಲ" ಎಂದರು. ಆ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ, ಸಿಟ್ಟು ಬಂದದ್ದು ಮಾತ್ರ ನಿಜ.

ಊಟದ ಹೊತ್ತಿನಲ್ಲಿ ಯಾರ ಜೊತೆಗೂ ಕೂರಲು ಮನಸ್ಸಾಗದೆ ಡಬ್ಬಿ ಹಿಡಿದು ಅಂಗಳಕ್ಕೆ ಬಂದೆ. ನನ್ನ ಖಾಲಿ ಚೌಕದ ಪಕ್ಕ ಕುಳಿತೆ. ಅಷ್ಟು ವರ್ಷ ಅದರ ಹತ್ತಿರವೂ ಸುಳಿಯದವಳು ಅಂದು ಬೇಕೆಂದೇ ಹೋಗಿ ಕುಳಿತೆ. ಗಾಳಿಗೀರು ಹಾಗೇ ಇತ್ತು. ಮುದ್ದೆ ಮುರಿಯುತ್ತ ಅದನ್ನೇ ನೋಡಿದೆ. ಪಕ್ಕದ ಚೌಕಗಳಲ್ಲಿ ಒಂದರಲ್ಲೂ ಅಂಥ ಗೀರಿಲ್ಲ. ಅಂಗಳದಲ್ಲಿ ಎಲ್ಲೂ ಇಲ್ಲ. ದಿನಾ ಬೆಳಿಗ್ಗೆ ಆಯಾ ಕಡ್ಡಿಪೊರಕೆಯಿಂದ ಅಂಗಳವನ್ನೆಲ್ಲ ಗೀರಿ ಗೀರಿ ಗುಡಿಸುತ್ತಾಳೆ, ಆ ಗೀರು ಮಧ್ಯಾಹ್ನಕ್ಕೇ ಇರುವುದಿಲ್ಲ. ಹಾಗಾದರೆ ಗಾಳಿ ಇಷ್ಟು ದೊಡ್ಡ ಅಂಗಳ ಬಿಟ್ಟು ನನ್ನ ಚೌಕದೊಳಗೇ ಯಾಕೆ ಕೆರೆಯಿತು? ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಲ್ಲಿ ಕೆರೆದದ್ದು ಗಾಳಿಯಲ್ಲ, ಅಜ್ಜಿಯ ಹೊಂಗೆ ಕೊಂಬೆ. ಆ ಗೀರು ಅಳಿಯದೆ ನಿಂತದ್ದು ಅಲ್ಲಿ ನನ್ನ ಕಾಲು ಬಿದ್ದಿದ್ದರಿಂದ. ಮೆತ್ತಗಿದ್ದ ಮಣ್ಣು ಹೆಜ್ಜೆಯನ್ನು ಬಿಟ್ಟು ಗೀರನ್ನು ಹಿಡಿದುಕೊಂಡಿತ್ತು. ಗೀರು ಇರುವ ಕಡೆಯೆಲ್ಲ ಯಾರೋ ಕಾಲಿಟ್ಟಿದ್ದರು, ಯಾರೋ ಒರೆಸಿದ್ದರು.

ಡಬ್ಬಿಯನ್ನು ಅಲ್ಲೇ ಬಿಟ್ಟು ಮೆರವಣಿಗೆ ಬೀದಿಗೆ ಓಡಿದೆ. ಸರಳು ಹಿಡಿದು ನೋಡುತ್ತ ನಡೆದೆ. ದಿನಾ ಹಾದುಹೋಗುವ ಬೀದಿ ಅದು. ಗಾಳಿಗೀರು ಸಂತೆ ಮೈದಾನದಿಂದಲೇ ಶುರುವಾಗಿ, ಎಲ್ಲ ಹೆಸರುಗಳನ್ನೂ ದಾಟಿ, ವಕೀಲರ ಹೆಜ್ಜೆಗಿಂತ ನಾಲ್ಕು ಮಾರು ಮುಂದೆ ಹೋಗಿತ್ತು. ನೇರವಾಗಿಯೂ ಇರಲಿಲ್ಲ. ಎಡಕ್ಕೆ ತೂಗಿ, ಬಲಕ್ಕೆ ತೂಗಿ, ಅಲ್ಲಲ್ಲಿ ಸುತ್ತು ತಿರುಗಿ ಮುಂದೆ ಹೋಗಿತ್ತು. ತಮಟೆ ಕಟ್ಟಿಕೊಂಡು ಕುಣಿಯುವವರು ಹೇಗೆ ನಡೆಯುತ್ತಾರೆಂದು ನಮ್ಮ ಕೇರಿಯ ಹುಡುಗಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಮನೆಗೆ ಹೋದಾಗ ಅಜ್ಜಿ ಬಾಗಿಲಲ್ಲಿ ಕುಳಿತು ಅವರೆಕಾಳು ಹಿಸುಕುತ್ತಿದ್ದಳು. ನಾನು ಪುಸ್ತಕದ ಚೀಲವನ್ನೂ ಇಳಿಸದೆ, "ಅಜ್ಜಿ, ಮೆರವಣಿಗೆ ಬೀದೀಲಿ ಇರೋದು ಗಾಳಿಗೀರಾ?" ಎಂದೆ.

ಅವಳು ಕಾಳು ಹಿಸುಕುವುದನ್ನು ನಿಲ್ಲಿಸಲಿಲ್ಲ. "ಊರೋರು ಅಂಗಂತಾರೆ" ಎಂದಳು.

"ನೀನೇನಂತೀಯ?"

ಹಿಸುಕಿದ ಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ, "ಅದು ನಾನು ಕನವ್ವ" ಎಂದಳು.

ನಾನು ಅವಳ ಪಕ್ಕ ಕುಳಿತೆ. ಅಜ್ಜಿ ನನ್ನ ಮುಖ ನೋಡದೆ ಮಾತಾಡಿದಳು. "ನಮ್ಮಪ್ಪ ಕೆಂಚ ಮುಂದ್ಗಡೆ ತಮಟೆ ಬಡೀತಿದ್ದ. ಅವನ ಹಿಂದ್ಗುಟ್ಟೇ ನಾನು. ಏಳೋ ಎಂಟೋ ವರ್ಸ ನಂಗೆ. ನಮ್ಮೋರು ಊರೊಳಗೆ ಚಪ್ಪಲಿ ಮೆಟ್ಟಂಗಿರ್ನಿಲ್ಲ, ಸೊಂಟಕ್ಕೆ ಈಚಲ ಗರಿ ಕಟ್ಟೋರು. ಅಪ್ಪನ ಹೆಜ್ಜೆ, ನನ್ನ ಹೆಜ್ಜೆ, ಎಲ್ಡೂ ಒರಸ್ಕೊಂಡೇ ಓಗ್ಬೇಕು. ಊರೊಳಗೆ ನಮ್ಮ ಹೆಜ್ಜೆ ಉಳುದ್ರೆ ಚಾವಡಿ ಕಂಬಕ್ಕೆ ಕಟ್ಟಿ ಬಡಿಯೋರು. ಅದ್ಕೇ ಪ್ರತಿ ಮನೇಲೂ ಒಂದು ಮಗಾನ ಗರಿಗೆ ಅಂತ ಇಟ್ಕಂಡಿರೋರು. ನಮ್ಮನೇಲಿ ನಾನು."

"ಸ್ವಾತಂತ್ರ್ಯದ ಮೆರವಣಿಗೇಲೂ ಕಟ್ಟಿದ್ರಾ?"

"ಅದು ಯಾತರ ಮೆರವಣಿಗೆ ಅಂತ ನಂಗೇನು ಗೊತ್ತು. ತಮಟೆ ಬೇಕು ಅಂದ್ರು, ಓದ್ವು."

"ಗರಿ ಬಿಚ್ಚಿ ಬನ್ನಿ ಅಂತ ಒಬ್ರೂ ಹೇಳ್ಲಿಲ್ವಾ?"

"ಯಾರ್ಗೂ ಗ್ಯಾನ ಬರ್ನಿಲ್ಲ" ಎಂದಳು ಅಜ್ಜಿ. ಇನ್ನೊಂದು ಕಾಳು ಹಿಸುಕಿ, "ನಮ್ಗೂ ಬರ್ನಿಲ್ಲ" ಎಂದಳು.

ನನ್ನ ಹೆಜ್ಜೆಯನ್ನೂ ಅದಕ್ಕೇ ಒರೆಸಿದೆಯಾ ಎಂದು ಕೇಳಿದೆ. "ಕೈ ತಾನೇ ಓಯ್ತು. ಕೊಂಬೆ ಎತ್ತಿದ್ಮ್ಯಾಕೆ ಗೊತ್ತಾಯ್ತು. ಆಗ್ಲೇ ಒಂದು ಉಸುರಿನೊತ್ತು ಕಳ್ದೋಗಿತ್ತು" ಎಂದಳು. ಸಿಪ್ಪೆಯನ್ನೂ ಕಾಳನ್ನೂ ಒಂದೇ ಮೊರಕ್ಕೆ ಹಾಕುತ್ತಿದ್ದಳು, ಅದು ಅವಳಿಗೆ ತಿಳಿಯುತ್ತಿರಲಿಲ್ಲ. "ಅಪ್ಪ ಕೆಮ್ಮು ಬಂದು ಸತ್ತ. ಊರ ಮುದುಕೀರು ಸತ್ತೋರ ಹೆಜ್ಜೆ ನೋಡ್ಕಂಡು ಕೂತ್ಕತಾರಲ್ಲ, ನಂಗೆ ನೋಡಾಕೆ ಒಂದೂ ಇರ್ನಿಲ್ಲ. ಎಲ್ಲಾನೂ ನಾನೇ ಒರ್ಸಿದ್ನಲ್ಲ. ಕಾಲೆತ್ತಿ ಗರಿ ಬೀಳೋಗಂಟ, ಅಷ್ಟೊತ್ತು ಕಾಣೋದು ಅವನ ಪಾದ. ನಾನೊಬ್ಳೇ ಕಂಡಿರೋದು."

ಅಷ್ಟು ವರ್ಷ ನಾನೊಬ್ಬಳೇ ಒಂಟಿ ಎಂದುಕೊಂಡಿದ್ದೆ. ನನ್ನ ಪಕ್ಕದಲ್ಲೇ ನನಗಿಂತ ಎಷ್ಟೋ ದೊಡ್ಡ ಒಂಟಿತನ ಕುಳಿತು ದಿನಾ ನನಗೆ ಉಣ್ಣಿಸುತ್ತಿತ್ತು. ನನಗೆ ಅಳು ಬಂತು. ಅಜ್ಜಿಗೆ ಬರಲಿಲ್ಲ.

ಮರುದಿನ ಶಾಲೆಗಿಂತ ಮುಂಚೆ ಭೋಜರಾಜ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಾಗಿಲಲ್ಲೇ ನಿಂತು ಕೇಳಿದರು. ನಂತರ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಮೆರವಣಿಗೆ ಬೀದಿಗೆ ಬಂದರು. ಬಗ್ಗಿ ಗೀರನ್ನು ನೋಡಿದರು. ಅದು ಸುತ್ತು ತಿರುಗಿದ ಜಾಗದಲ್ಲಿ ಅವರ ಕೈ ತಾನಾಗಿ ತಾಳ ಹಾಕಿತು. ಅವರಿಗೆ ಅರ್ಥವಾಯಿತೆಂದು ನನಗೆ ಆಗಲೇ ಗೊತ್ತಾಯಿತು.

"ಆಧಾರ ಸಾಕಾ ಸಾರ್?" ಎಂದೆ.

"ಸ್ಮರಣ ಸಂಚಿಕೆ ಅಚ್ಚಾಗಿದೆ ಸುಗುಣ. ಮೈಕಿಗೆ ಹೆಸರು ಕೊಟ್ಟಾಗಿದೆ. ಈಗ ನಾನು ಕಮಿಟಿ ಮುಂದೆ ಹೋಗಿ ಊರಿನ ಮೊದಲ ಹೆಜ್ಜೆ ವಕೀಲರದಲ್ಲ ಅಂದ್ರೆ ಏನಾಗುತ್ತೆ, ನೀನೇ ಯೋಚನೆ ಮಾಡು." ಸ್ವಲ್ಪ ಹೊತ್ತು ಸರಳಿನ ಮೇಲೆ ಕೈಯಾಡಿಸಿ, "ನೀನು ಹೋಗಿ ನಿಂತರೆ ನಾನು ತಡೆಯೋದಿಲ್ಲ. ಅಷ್ಟು ಮಾತ್ರ ನನ್ನ ಕೈಲಾಗೋದು" ಎಂದರು. ಒಳ್ಳೆಯವರ ಕೈಲಾಗುವುದು ಎಷ್ಟು ಎಂದು ಅಂದು ಕಲಿತೆ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಅಜ್ಜಿಯನ್ನು ಕರೆದೆ. "ನಾನ್ ಬರಾಕಿಲ್ಲ" ಎಂದಳು. ಅವ್ವ ಕಾರ್ಖಾನೆಗೆ ರಜೆ ಹಾಕುವಂತಿರಲಿಲ್ಲ. ಮಹೋತ್ಸವದ ದಿನ ಬ್ಯಾಡ್ಜ್ ಚುಚ್ಚಿಕೊಂಡು ಮಜ್ಜಿಗೆಯ ಕೊಳಗದ ಪಕ್ಕ ನಿಂತೆ. ಬೀದಿಯ ತುಂಬ ಬಾವುಟ, ತೋರಣ. ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಬಂದು ಹಿರಿಯರ ಹೆಸರು ಹೇಳಿ ಕಾಲು ಊರಿದರು, ಜನ ಚಪ್ಪಾಳೆ ತಟ್ಟಿದರು. ಅಜ್ಜಿಯ ಅಕ್ಕನ ಗಂಡನ ತಂದೆಗೂ ಚಪ್ಪಾಳೆ ಸಿಕ್ಕಿತು. ಕೊನೆಗೆ ಇಂದುಶ್ರೀ ವಕೀಲ ರುದ್ರಯ್ಯನವರ ಹೆಸರು ಹೇಳಿ ಕಾಲು ಊರಿದಳು. ಫೋಟೋದವರು ಅವಳನ್ನು ಸುತ್ತಿಕೊಂಡರು.

ನಾನು ಸೌಟನ್ನು ಕೊಳಗದೊಳಗೆ ಬಿಟ್ಟು ಸರಳಿನ ಕೆಳಗೆ ನುಸುಳಿದೆ. ಇಂದುಶ್ರೀಯನ್ನು ದಾಟಿ ಮುಂದೆ ಹೋದೆ. ಕಮಿಟಿಯ ಹಿರಿಯರೊಬ್ಬರು ಕುರ್ಚಿಯಿಂದಲೇ, "ಏ ಹುಡುಗಿ, ಎಲ್ಲಿಗೆ ಹೋಗ್ತಿದೀಯ? ಅಲ್ಲಿ ಮುಂದೆ ಯಾರೂ ಇಲ್ಲ" ಎಂದರು.

"ಇದಾರೆ" ಎಂದೆ. ನನ್ನ ಕೈಯಲ್ಲಿ ಮೈಕಿರಲಿಲ್ಲ. "ಕೆಂಚ. ತಮಟೆ ಬಡಿದವರು. ನನ್ನ ಅಜ್ಜಿಯ ಅಪ್ಪ." ಎಷ್ಟು ಜನಕ್ಕೆ ಕೇಳಿಸಿತೋ ತಿಳಿಯದು. ಯಾರೂ ಬೈಯಲಿಲ್ಲ, ಯಾರೂ ಬರಲೂ ಇಲ್ಲ. ಮೇಷ್ಟ್ರು ನೆಲ ನೋಡುತ್ತಿದ್ದರು. ಇಂದುಶ್ರೀ ಮಾತ್ರ ತನ್ನ ಕಾಲ ಮುಂದಿನ ಗೀರನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ನಾನು ಚಪ್ಪಲಿ ಬಿಟ್ಟೆ. ಗಾಳಿಗೀರಿನ ಪಕ್ಕದಲ್ಲಿ ಬಲಗಾಲು ಊರಿದೆ. ಮಣ್ಣು ತಣ್ಣಗಿತ್ತು. ಇಷ್ಟು ದೊಡ್ಡವಳಾಗಿ ಊರಿನ ಮಣ್ಣು ಬರಿಗಾಲಿಗೆ ಹೇಗಿರುತ್ತದೆಂದು ನನಗೆ ನೆನಪೇ ಇರಲಿಲ್ಲ.

ಕಾಲೆತ್ತಿದೆ. ಎತ್ತಿದ್ದೇ ತಡ, ಪಕ್ಕದಿಂದ ಒಂದು ಸುಕ್ಕುಗಟ್ಟಿದ ಕೈ ಹೆಜ್ಜೆಯತ್ತ ಚಾಚಿ ಬಂತು. ಬರುವುದಿಲ್ಲವೆಂದವಳು ಬಂದಿದ್ದಳು. ಜನರ ನಡುವೆ ಎಲ್ಲಿ ನಿಂತಿದ್ದಳೋ, ಯಾವಾಗ ಸರಳು ದಾಟಿದಳೋ. ನಾನು ತಡೆಯಲಿಲ್ಲ. ತಡೆಯುವಷ್ಟು ಹೊತ್ತೂ ಇರಲಿಲ್ಲ. ಕೈ ಹೆಜ್ಜೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಅಜ್ಜಿ ಇನ್ನೊಂದು ಕೈಯಿಂದ ಆ ಕೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು.

ಒಂದು ಉಸಿರಿನ ಹೊತ್ತು ಕಳೆಯಿತು. ಮಣ್ಣು ಬಿಗಿಯಿತು. ಮೈಕಿನಲ್ಲಿ ಮುಂದಿನ ಕಾರ್ಯಕ್ರಮ ಹೇಳಿದರು, ಜನ ಮಜ್ಜಿಗೆಯ ಕಡೆ ಹೊರಟರು. ಅಜ್ಜಿ ಮೊಣಕಾಲೂರಿ ಅಲ್ಲೇ ಕುಳಿತಳು. ಆಚೆಗೆ ಚಾಚಿದ ಕಿರುಬೆರಳಿನ ಗುರುತನ್ನು ಬೆರಳಿನಿಂದ ಮುಟ್ಟಿದಳು.

"ನಮ್ಮಪ್ಪಂದೂ ಇಂಗೇ ಇತ್ತು" ಎಂದಳು. ಎದ್ದೇಳು ಎಂದರೂ ಏಳಲಿಲ್ಲ. "ತಡಿಯವ್ವ. ಇದ್ನ ಇಷ್ಟೊತ್ತು ನೋಡಾಕೆ ಯಾವತ್ತೂ ಆಗಿರ್ನಿಲ್ಲ."